ಜೆಂಟ್ರಿಫಿಕೇಶನ್: ಯಾರೂ ಎಬ್ಬಿಸದೆ ಒಕ್ಕಲು ಏಳುವುದು

ಕನ್ನಡದಲ್ಲಿ ಒಕ್ಕಲೆಬ್ಬಿಸುವುದು ಅಂತ ಒಂದು ಗಟ್ಟಿ ಪದ ಇದೆ. ಒಕ್ಕಲು ಎಂದರೆ ಒಂದು ಕಡೆ ನೆಲೆ ನಿಂತವರು. ಈ ಪದ ಕೇಳಿದ ಕೂಡಲೇ ಎಬ್ಬಿಸುವವರೂ ಕಣ್ಣ ಮುಂದೆ ಬರುತ್ತಾರೆ. ನೋಟಿಸ್ ಹಿಡಿದ ಅಧಿಕಾರಿ, ಹಿಂದೆ ಪೊಲೀಸರು, ಅವರ ಹಿಂದೆ ಬುಲ್ಡೋಜರ್. ಜೆಂಟ್ರಿಫಿಕೇಶನ್ ಅನ್ನುವುದು ಇದರ ದಾಯಾದಿ ಪದ. ಇಲ್ಲೂ ಒಕ್ಕಲು ಏಳುತ್ತದೆ. ಆದರೆ ಎಬ್ಬಿಸಿದವರು ಯಾರು ಎಂದು ಬೆರಳು ಮಾಡಿ ತೋರಿಸುವುದು ಕಷ್ಟ.

ಬಡವರು, ಕೂಲಿ ಮಾಡುವವರು ಇರುವ ಹಳೆಯ ಬಡಾವಣೆಯೊಂದಕ್ಕೆ ಹಣ ಹರಿದು ಬರುತ್ತದೆ. ಹಣದ ಜೊತೆ ಉಳ್ಳವರೂ ಬರುತ್ತಾರೆ. ಮನೆ, ಅಂಗಡಿ, ಬೀದಿ ಎಲ್ಲವೂ ಬದಲಾಗುತ್ತವೆ, ಬಾಡಿಗೆ ಏರುತ್ತದೆ. ಕೊನೆಗೆ ಮೊದಲಿದ್ದವರಿಗೆ ಅಲ್ಲಿ ಜಾಗ ಉಳಿಯುವುದಿಲ್ಲ. ಇದು ಜೆಂಟ್ರಿಫಿಕೇಶನ್. ಬರೀ ರಸ್ತೆಗೆ ಡಾಂಬರು ಬಿದ್ದರೆ, ಚರಂಡಿ ರಿಪೇರಿ ಆದರೆ ಈ ಹೆಸರು ಸಲ್ಲುವುದಿಲ್ಲ. ಹಣ ಬಂದು, ಜನ ಬದಲಾಗಬೇಕು.

ಈ ಪದವನ್ನು ಹುಟ್ಟುಹಾಕಿದವರು ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್, 1964ರಲ್ಲಿ. ಬರ್ಲಿನ್‌ನಲ್ಲಿ ಹುಟ್ಟಿ ಲಂಡನ್‌ಗೆ ಬಂದು ನೆಲೆಸಿದವರು. ಲಂಡನ್ನಿನಲ್ಲಿ ಕಾರ್ಮಿಕರು ಇದ್ದ ಪುಟ್ಟ ಪುಟ್ಟ ಮನೆಗಳನ್ನು ಮಧ್ಯಮ ವರ್ಗದವರು ಒಂದೊಂದಾಗಿ ಕೊಂಡು ಅಂದಗೊಳಿಸುತ್ತಿದ್ದುದನ್ನು ಅವರು ಕಂಡರು. ಒಮ್ಮೆ ಶುರುವಾದರೆ ಇದು ಬೇಗ ಹಬ್ಬುತ್ತದೆ, ಹಳೆಯ ನಿವಾಸಿಗಳೆಲ್ಲ ಅಥವಾ ಹೆಚ್ಚಿನವರು ಹೋಗುವ ತನಕ ನಿಲ್ಲುವುದಿಲ್ಲ ಎಂದು ಬರೆದರು. ಜೆಂಟ್ರಿ ಎಂದರೆ ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರಿ ವರ್ಗ. ಪೇಟೆಯ ಮಧ್ಯಮ ವರ್ಗಕ್ಕೆ ಆ ಹೆಸರು ಅಂಟಿಸಿದ್ದರಲ್ಲಿ ಒಂದು ಕುಟುಕು ಇದೆ. ಕನ್ನಡದಲ್ಲಿ ‘ಗಣ್ಯೀಕರಣ’ ಅಂದರೆ ಆ ಕುಟುಕು ಹೋಗಿ, ಯಾರನ್ನೋ ಹೊಗಳಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಇಂಗ್ಲಿಷ್ ಪದವನ್ನೇ ಇಟ್ಟುಕೊಂಡಿದ್ದೇನೆ.

ಹಣ ಯಾಕೆ ಹೊರಟು ಹೊರಟು ಇಂಥ ಬಡಾವಣೆಗೇ ಬರುತ್ತದೆ? ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಅದನ್ನು ಬಾಡಿಗೆ ಅಂತರ ಅನ್ನಬಹುದು. ಒಂದು ಜಾಗಕ್ಕೆ ಎರಡು ಲೆಕ್ಕ ಇರುತ್ತದೆ. ಈಗ ಅದು ಎಷ್ಟು ಆದಾಯ ಕೊಡುತ್ತಿದೆ ಅನ್ನುವುದು ಒಂದು. ಇದ್ದದ್ದನ್ನು ಕೆಡವಿ ಚೆನ್ನಾಗಿ ಕಟ್ಟಿದರೆ ಎಷ್ಟು ಕೊಡಬಹುದು ಅನ್ನುವುದು ಇನ್ನೊಂದು. ಮನೆ ಮಾಲೀಕ ರಿಪೇರಿ ನಿಲ್ಲಿಸುತ್ತಾನೆ. ಸೂರು ಸೋರುತ್ತದೆ, ಗೋಡೆ ಬಿರುಕು ಬಿಡುತ್ತದೆ, ಬಾಡಿಗೆ ಕಡಿಮೆಯಾಗುತ್ತದೆ. ಕಡಿಮೆ ಬಾಡಿಗೆ ಅಂತಲೇ ಬಡವರು ಬಂದು ಸೇರುತ್ತಾರೆ. ಅಷ್ಟರಲ್ಲಿ ಸುತ್ತಲಿನ ನಗರ ಬೆಳೆದಿರುತ್ತದೆ. ಎರಡು ಲೆಕ್ಕಗಳ ನಡುವಿನ ಅಂತರ ಹಿಗ್ಗುತ್ತದೆ. ಕೊಂಡು, ಕೆಡವಿ, ಕಟ್ಟಿದರೂ ಲಾಭ ಉಳಿಯುತ್ತದೆ ಅನ್ನುವಷ್ಟು ಅಂತರ ಆದ ದಿನ ಹಣ ಬಂದು ಬೀಳುತ್ತದೆ.

ಇದರಲ್ಲಿ ನನ್ನನ್ನು ಕಾಡುವುದು ಒಂದು ಸಂಗತಿ. ಯಾವ ಅಲಕ್ಷ್ಯದಿಂದ ಬಡವರಿಗೆ ಅಲ್ಲಿ ಜಾಗ ಸಿಕ್ಕಿತೋ, ಅದೇ ಅಲಕ್ಷ್ಯ ಅವರ ಜಾಗಕ್ಕೆ ಕುತ್ತು ತರುತ್ತದೆ. ಸೋರುವ ಸೂರಿನ ಕಷ್ಟ ಉಂಡವರು ಒಬ್ಬರು, ಸೂರು ಸರಿಯಾದ ಮೇಲೆ ಬರುವವರು ಇನ್ನೊಬ್ಬರು. (ಹಣದ ಲೆಕ್ಕವೇ ಎಲ್ಲವೂ ಅಲ್ಲ, ಊರ ನಡುವೆ ಬದುಕುವ ಹೊಸ ಪೀಳಿಗೆಯ ಆಸೆಯೂ ಕಾರಣ ಎಂದು ವಾದಿಸಿದವರು ಇದ್ದಾರೆ. ಅದೂ ಸರಿಯೇ.)

ಇನ್ನು ಜನ ನಿಜಕ್ಕೂ ಹೋಗುತ್ತಾರಾ? ನ್ಯೂಯಾರ್ಕಿನ ಬಗ್ಗೆ 2004ರಲ್ಲಿ ಲ್ಯಾನ್ಸ್ ಫ್ರೀಮನ್ ಮತ್ತು ಫ್ರಾಂಕ್ ಬ್ರಕೋನಿ ಪ್ರಕಟಿಸಿದ ಅಧ್ಯಯನ ಹಲವರಿಗೆ ಅಚ್ಚರಿ ಹುಟ್ಟಿಸಿತು. ಜೆಂಟ್ರಿಫಿಕೇಶನ್ ಆಗುತ್ತಿದ್ದ ಬಡಾವಣೆಗಳ ಬಡವರು ಬೇರೆ ಕಡೆಯ ಬಡವರಿಗಿಂತ ಮನೆ ಬಿಡುವುದು ಕಡಿಮೆಯೇ ಇತ್ತು. ಹಾಗಾದರೆ ಬಡಾವಣೆ ಬದಲಾಗಿದ್ದು ಹೇಗೆ? ಬಾಡಿಗೆ ಮನೆಯವರು ಎಲ್ಲ ಕಡೆಯೂ ಆಗಾಗ ಮನೆ ಬದಲಿಸುತ್ತಲೇ ಇರುತ್ತಾರೆ. ಮೊದಲು ಒಂದು ಬಡ ಕುಟುಂಬ ಬಿಟ್ಟ ಮನೆಗೆ ಇನ್ನೊಂದು ಬಡ ಕುಟುಂಬ ಬರುತ್ತಿತ್ತು. ಈಗ ಬರುವವರು ಬೇರೆ. ಅಂದರೆ ಹೊರಗೆ ಹೋಗುವ ಬಾಗಿಲಿಗಿಂತ ಒಳಗೆ ಬರುವ ಬಾಗಿಲಲ್ಲೇ ಜಾಸ್ತಿ ಬದಲಾವಣೆ ನಡೆಯುತ್ತದೆ.

ಇದನ್ನು ನಗರ ಯೋಜನಾ ತಜ್ಞ ಪೀಟರ್ ಮಾರ್ಕೂಸ್ 1985ರಲ್ಲೇ ವಿಂಗಡಿಸಿ ಹೇಳಿದ್ದರು. ಬಾಡಿಗೆ ಏರಿಸಿ ಅಥವಾ ನೀರು ನಿಲ್ಲಿಸಿ ನೇರವಾಗಿ ಹೊರಗೆ ಹಾಕುವುದು ಒಂದು ಬಗೆ. ಬರಬಹುದಾಗಿದ್ದವರು ಬರಲಾಗದೇ ಹೋಗುವುದು ಇನ್ನೊಂದು. ನೆಂಟರು, ಪರಿಚಿತ ಅಂಗಡಿಗಳು ಒಂದೊಂದಾಗಿ ಹೋಗಿ, ಇನ್ನು ನಾವೂ ಹೊರಡೋಣ ಅನ್ನಿಸುವ ಒತ್ತಡ ಮತ್ತೊಂದು. ಮನೆ ಬಿಟ್ಟವರನ್ನು ಮಾತ್ರ ಎಣಿಸಿದರೆ, ಬರಲಾಗದೇ ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ, ಅಲ್ವಾ?

ಇನ್ನೊಂದು ಭೇದ ಮರೆಯಬಾರದು. ಅದೇ ಬೀದಿಯಲ್ಲಿ ಸ್ವಂತ ಮನೆ ಇದ್ದವರಿಗೆ ಬೆಲೆ ಏರಿಕೆ ಅಂದರೆ ಆಸ್ತಿ. ಬಾಡಿಗೆಯವರಿಗೆ ಅದೇ ಹೊರೆ. ‘ನಮ್ಮ ಬಡಾವಣೆ ಉದ್ಧಾರ ಆಯ್ತು’ ಅನ್ನುವ ಮಾತು ಯಾರ ಬಾಯಿಂದ ಬಂತು ಅನ್ನುವುದನ್ನೂ ನೋಡಬೇಕಾಗುತ್ತದೆ.

ಒಂದು ಉದಾಹರಣೆ ನ್ಯೂಯಾರ್ಕಿನ ಹೈಲೈನ್. ಮ್ಯಾನ್‌ಹಟನ್ನಿನ ಪಶ್ಚಿಮ ಬದಿಯಲ್ಲಿ ಪಾಳುಬಿದ್ದಿದ್ದ ಎತ್ತರದ ರೈಲು ಹಳಿ. ಅದರ ಮೇಲೆ ಉದ್ಯಾನ ಮಾಡಿ 2009ರಲ್ಲಿ ಮೊದಲ ಭಾಗ ತೆರೆದರು. ಸುತ್ತಲಿನ ಜಾಗಕ್ಕೆ ಕಟ್ಟಡ ನಿಯಮಗಳನ್ನು 2005ರಲ್ಲೇ ಬದಲಿಸಿದ್ದರು. ದುಬಾರಿ ಕಟ್ಟಡಗಳು ಸಾಲಾಗಿ ಎದ್ದವು. ಪಕ್ಕದಲ್ಲೇ ಬಡವರ ಸರ್ಕಾರಿ ವಸತಿ ಸಮುಚ್ಚಯಗಳಿವೆ. ಅಲ್ಲಿಯ ಬಾಡಿಗೆ ಆದಾಯಕ್ಕೆ ತಕ್ಕಂತೆ ಇರುವುದರಿಂದ ಆ ಜನ ಮನೆ ಬಿಡಬೇಕಾಗಿ ಬರಲಿಲ್ಲ. ಆದರೆ ಆ ಉದ್ಯಾನ ತಮ್ಮದು ಅಂತ ಅವರಿಗೆ ಅನ್ನಿಸಲೂ ಇಲ್ಲ. ವಿನ್ಯಾಸ ಹೇಗಿರಬೇಕು ಅಂತ ಕೇಳುವ ಬದಲು ನಿಮಗೆ ಏನು ಬೇಕು ಅಂತ ಕೇಳಬೇಕಿತ್ತು ಎಂದು ಯೋಜನೆಯ ಸಂಸ್ಥಾಪಕರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ ಆಮೇಲೆ ಬಹಿರಂಗವಾಗಿಯೇ ಒಪ್ಪಿಕೊಂಡರು.

ಹಾಗಂತ ಉದ್ಯಾನ ಬೇಡ ಅನ್ನಬೇಕಾ? ಬಾಡಿಗೆ ಏರಬಾರದು ಅಂತ ಬಡವರ ಬೀದಿಗೆ ಮರ ನೆಡದೇ ಇರುವುದು, ಬಸ್ ಬಿಡದೇ ಇರುವುದು ಎಂಥ ನ್ಯಾಯ? ಅಭಿವೃದ್ಧಿ ಆಗಲಿ, ಜನರೂ ಉಳಿಯಲಿ ಅನ್ನುವುದಕ್ಕೆ ಇರುವ ದಾರಿಗಳಲ್ಲಿ ಯಾವುದೂ ಪುಕ್ಕಟೆಯಲ್ಲ.

ಮೊದಲು ನೆನಪಾಗುವುದು ಬಾಡಿಗೆಗೆ ಮಿತಿ ಹಾಕುವುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1994ರಲ್ಲಿ ಈ ಮಿತಿಯನ್ನು ಇನ್ನಷ್ಟು ಮನೆಗಳಿಗೆ ವಿಸ್ತರಿಸಿದರು. ಸ್ಟ್ಯಾನ್‌ಫರ್ಡ್ ಅರ್ಥಶಾಸ್ತ್ರಜ್ಞರು ಅದರ ಫಲ ಅಳೆದಾಗ ಎರಡೂ ಮುಖ ಕಂಡವು. ಬಾಡಿಗೆದಾರರು ತಮ್ಮ ಮನೆಯಲ್ಲೇ ಉಳಿಯುವುದು ಹೆಚ್ಚಾಯಿತು. ಅದೇ ಹೊತ್ತಿಗೆ ಈ ಮಿತಿಗೆ ಒಳಪಟ್ಟ ಮಾಲೀಕರು ಬಾಡಿಗೆಗೆ ಬಿಡುವ ಮನೆಗಳನ್ನು ಸುಮಾರು 15 ಶೇಕಡಾ ಕಡಿಮೆ ಮಾಡಿ, ಮಾರಿದರು ಅಥವಾ ಕೆಡವಿ ಕಟ್ಟಿದರು. ಊರಿನ ಒಟ್ಟು ಬಾಡಿಗೆ ಸುಮಾರು 5 ಶೇಕಡಾ ಏರಿತು. ಒಳಗಿದ್ದವರಿಗೆ ರಕ್ಷಣೆ ಸಿಕ್ಕಿತು, ಹೊರಗಿನಿಂದ ಬರುವವರು ಬೆಲೆ ತೆತ್ತರು. ಬರ್ಲಿನ್ 2020ರಲ್ಲಿ ಬಾಡಿಗೆಯನ್ನೇ ಸ್ಥಗಿತಗೊಳಿಸಿತು. ಹಾಗೆ ಮಾಡುವ ಅಧಿಕಾರ ಬರ್ಲಿನ್‌ಗೆ ಇಲ್ಲ ಎಂದು ಜರ್ಮನಿಯ ಸಂವಿಧಾನ ನ್ಯಾಯಾಲಯ ಮರುವರ್ಷವೇ ಕಾನೂನನ್ನು ರದ್ದು ಮಾಡಿತು.

ಜಾಸ್ತಿ ಮನೆ ಕಟ್ಟುವುದು ಇನ್ನೊಂದು ದಾರಿ. ಇದು ಕೆಲಸ ಮಾಡುತ್ತದೆ, ಆದರೆ ನಿಧಾನ. ಮುಂದಿನ ತಿಂಗಳ ಬಾಡಿಗೆಗೆ ಪರದಾಡುವವರಿಗೆ ಹತ್ತು ವರ್ಷದ ಮೇಲಿನ ಸಮತೋಲನದಿಂದ ಏನು ಸಮಾಧಾನ?

ನನಗೆ ಹೆಚ್ಚು ಹಿಡಿಸುವುದು ನೆಲವನ್ನೇ ಮಾರುಕಟ್ಟೆಯಿಂದ ಹೊರಗಿಡುವ ಸಮುದಾಯ ಭೂ ಟ್ರಸ್ಟ್. 1969ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ರೈತರಿಗಾಗಿ ಇದು ಮೊದಲು ರೂಪುಗೊಂಡಿತು. ನೆಲ ಟ್ರಸ್ಟಿನದು, ಮನೆ ನಿಮ್ಮದು. ಮನೆ ಮಾರಬಹುದು, ಆದರೆ ಮೊದಲೇ ಒಪ್ಪಿದ ಸೂತ್ರದ ಬೆಲೆಗೆ. ನಿಮಗೂ ಒಂದಿಷ್ಟು ಲಾಭ, ಮುಂದಿನವರಿಗೂ ಕೈಗೆಟಕುವ ಮನೆ. ಒಳಬರುವ ಬಾಗಿಲು ಮುಚ್ಚದಂತೆ ಹಿಡಿಯುವ ಏರ್ಪಾಡು ಇದು. ಬಾಸ್ಟನ್ನಿನ ಡಡ್ಲಿ ಸ್ಟ್ರೀಟ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1988ರಲ್ಲಿ ಅಲ್ಲಿನ ನಿವಾಸಿಗಳ ಸಂಘಟನೆಗೆ ಖಾಲಿ ನಿವೇಶನಗಳನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರವೇ ಸಿಕ್ಕಿತು. ಸಾಮಾನ್ಯವಾಗಿ ಬಡವರನ್ನು ಎಬ್ಬಿಸಲು ಬಳಸುವ ಅಸ್ತ್ರ ಬಡವರ ಕೈಗೇ ಬಂದಂತಾಯಿತು!

ಆದರೆ ಇದೆಲ್ಲ ಮೊದಲೇ ಆಗಬೇಕು. ಉದ್ಯಾನವೋ ರೈಲು ನಿಲ್ದಾಣವೋ ಬರುತ್ತದೆ ಅನ್ನುವ ಸುದ್ದಿ ಹಬ್ಬಿದ ದಿನವೇ ಜಾಗದ ಬೆಲೆ ಏರುತ್ತದೆ, ಗುದ್ದಲಿ ಬೀಳುವವರೆಗೂ ಅದು ಕಾಯುವುದಿಲ್ಲ. ಆಮೇಲೆ ನೆಲ ಕೊಳ್ಳಲು ಹೊರಟ ಟ್ರಸ್ಟು ಏರಿದ ಬೆಲೆಯನ್ನೇ ತೆರಬೇಕು. ವಿಯೆನ್ನಾ ನಗರ 1920ರ ದಶಕದಲ್ಲೇ ವಸತಿ ತೆರಿಗೆ ಹಾಕಿ, ಆ ಹಣದಿಂದ ಹತ್ತಾರು ಸಾವಿರ ಮನೆ ಕಟ್ಟಿತು. ಇವತ್ತು ಆ ಊರಿನ ಸುಮಾರು ಅರ್ಧದಷ್ಟು ಜನ ನಗರಸಭೆಯ ಅಥವಾ ಸಹಾಯಧನದ ಮನೆಗಳಲ್ಲಿದ್ದಾರೆ. ನೂರು ವರ್ಷದ ಹಿಂದಿನ ಆ ಕೆಲಸದ ಫಲ ಈಗಿನವರು ಉಣ್ಣುತ್ತಿದ್ದಾರೆ.

ತಡವಾಗಿಬಿಟ್ಟ ಊರುಗಳೂ ಇವೆ. ಅಮೆರಿಕದ ಪೋರ್ಟ್‌ಲೆಂಡ್‌ನ ಉತ್ತರ ಭಾಗದಲ್ಲಿ ಕಪ್ಪು ಜನರ ಬಡಾವಣೆಗಳನ್ನು ಹೆದ್ದಾರಿಗೆ, ಆಸ್ಪತ್ರೆಯ ವಿಸ್ತರಣೆಗೆ ಅಂತ ಸರ್ಕಾರವೇ ಕೆಡವಿತ್ತು. ಉಳಿದವರನ್ನು ಆಮೇಲೆ ಬಾಡಿಗೆ ದೂಡಿತು. 2015ರ ಸುಮಾರಿಗೆ ನಗರ ಒಂದು ನೀತಿ ತಂದಿತು. ಅಲ್ಲಿ ಹೊಸದಾಗಿ ಕಟ್ಟುವ ಕಡಿಮೆ ಬೆಲೆಯ ಮನೆಗಳಲ್ಲಿ ಹೀಗೆ ನೆಲೆ ಕಳೆದುಕೊಂಡ ಕುಟುಂಬಗಳಿಗೆ ಆದ್ಯತೆ. ಅರ್ಜಿ ಹಾಕುವವರು ತಾವೇ ಅಲ್ಲಿ ಇದ್ದಿರಬೇಕೆಂದಿಲ್ಲ. ಅಜ್ಜ ಅಜ್ಜಿಯ ಹಳೆಯ ವಿಳಾಸವೂ ಲೆಕ್ಕಕ್ಕೆ ಬರುತ್ತದೆ.