ಮನೆಯವರನ್ನೇ ಕಂಡು ಬೊಗಳುವ ನಾಯಿ: ಜಿಗಿಯುವ ಡಿಎನ್‌ಎ ಮತ್ತು ರಕ್ತದ ಸ್ಟೆಮ್ ಸೆಲ್

ಹತ್ತನೇ ತರಗತಿವರೆಗೆ ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಎಂಎಸ್ಸಿಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಬೇಕಾದವರಿಗೆ ಅಂತ ಇದನ್ನು ಬರೆದಿದ್ದೇನೆ. ಜಿಗಿಯುವ ಡಿಎನ್‌ಎ ರಕ್ತದ ಸ್ಟೆಮ್ ಸೆಲ್‌ಗಳನ್ನು ಹೇಗೆ ಎಬ್ಬಿಸುತ್ತದೆ ಅನ್ನುವ ಈ ಪಾಠ ನನಗೆ ತುಂಬಾ ಇಷ್ಟ. ಕನ್ನಡದಲ್ಲಿ ಬರೆದುಕೊಂಡ ಮೇಲೆಯೇ ಪೂರ್ತಿ ಅರ್ಥವಾಯಿತು.

ಜಿಗಿಯುವ ಡಿಎನ್‌ಎ, ಅಂದರೆ ಡಿಎನ್‌ಎಯಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗಿ ಸೇರಬಲ್ಲ ತುಣುಕುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಅದು ಡಿಗ್ರಿಯಲ್ಲೇ ಬಂದಿತ್ತಲ್ವಾ. ಮೆಕ್ಕೆಜೋಳದ ಕಾಳಿನ ಮೇಲಿನ ಬಣ್ಣದ ಚುಕ್ಕೆ ನೋಡುತ್ತಾ ಬಾರ್ಬರಾ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಇದನ್ನು ಕಂಡುಹಿಡಿದರು. ನೊಬೆಲ್ ಬಂದದ್ದು 1983ರಲ್ಲಿ. ಮನುಷ್ಯರ ಡಿಎನ್‌ಎಯಲ್ಲಿ ಸುಮಾರು ಶೇಕಡಾ 45 ಭಾಗ ಇಂಥ ತುಣುಕುಗಳಿಂದಲೇ ಬಂದದ್ದು, ಪ್ರೋಟೀನಿಗೆ ಸಂಕೇತ ಕೊಡುವ ಭಾಗ ಶೇಕಡಾ 2 ಕೂಡ ಇಲ್ಲ. ಎಲ್1 ಅನ್ನುವ ಒಂದು ಜಾತಿಯದ್ದೇ 5 ಲಕ್ಷದಷ್ಟು ಪ್ರತಿಗಳಿವೆ, ಆದರೆ ಇವತ್ತಿಗೂ ಜಿಗಿಯಬಲ್ಲವು ನೂರರ ಆಸುಪಾಸು ಮಾತ್ರ. ಉಳಿದವು ಮುರಿದುಬಿದ್ದವು. ಜೊತೆಗೆ ಜೀವಕೋಶ ಅವುಗಳ ಮೇಲೆ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತು ಹಾಕಿ ಬಾಯಿ ಮುಚ್ಚಿಸಿ ಇಟ್ಟಿರುತ್ತದೆ.

ನಾವು ಹೆಚ್ಚಿನವರು ತಪ್ಪುವುದು ಇಲ್ಲಿ. ಜಿಗಿಯಲು ಆಗದಿದ್ದರೆ ಅದು ಸತ್ತಂತೆ ಅಂದುಕೊಳ್ಳುತ್ತೇವೆ. ಹಾಗಲ್ಲ. ಮುರಿದ ತುಣುಕಿನಿಂದಲೂ ಆರ್‌ಎನ್‌ಎ ಪ್ರತಿ ಹೊರಡಬಹುದು. ರಕ್ತದ ಕತೆಯಲ್ಲಿ ಜಿಗಿತಕ್ಕಿಂತ ಈ ಆರ್‌ಎನ್‌ಎಯೇ ಮುಖ್ಯ.

ಇನ್ನು ರಕ್ತ. ನಮ್ಮ ಮೂಳೆಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣ ಮಾಡುತ್ತದೆ. ಇದಕ್ಕೆಲ್ಲ ಮೂಲ ರಕ್ತದ ಸ್ಟೆಮ್ ಸೆಲ್‌ಗಳು, ಅಂದರೆ ಎಲ್ಲ ಬಗೆಯ ರಕ್ತಕಣಗಳನ್ನೂ ಹುಟ್ಟಿಸಬಲ್ಲ ಕೋಶಗಳು. ಆದರೆ ಅವು ಮೊದಲು ಹುಟ್ಟುವುದು ಮಜ್ಜೆಯಲ್ಲಲ್ಲ! ಭ್ರೂಣದಲ್ಲಿ ಮಹಾಧಮನಿಯ ಒಳಗೋಡೆಗೆ ಅಂಟಿಕೊಂಡ ಚಪ್ಪಟೆ ಕೋಶಗಳಿವೆಯಲ್ಲ, ಅವುಗಳಲ್ಲಿ ಕೆಲವು ನಿಧಾನಕ್ಕೆ ಬಾಗಿ, ಗುಂಡಗಾಗಿ, ಪಕ್ಕದ ಕೋಶಗಳ ಕೈ ಬಿಟ್ಟು, ರಕ್ತದ ಹರಿವಿಗೆ ಇಳಿದು ಸ್ಟೆಮ್ ಸೆಲ್ ಆಗಿಬಿಡುತ್ತವೆ. ಆಮೇಲೆ ಭ್ರೂಣದ ಲಿವರಿಗೆ ಹೋಗಿ ಬೆಳೆಯುತ್ತವೆ, ಕೊನೆಗೆ ಮಜ್ಜೆಯಲ್ಲಿ ಮನೆ ಮಾಡುತ್ತವೆ. ಜೀಬ್ರಾ ಮೀನಿನ ಭ್ರೂಣ ಗಾಜಿನಂತೆ ಪಾರದರ್ಶಕ, ತಾಯಿಯ ಹೊರಗೆ ಬೆಳೆಯುವಂಥದ್ದು. ಹಾಗಾಗಿ 2010ರಲ್ಲಿ ಈ ಬದಲಾವಣೆಯನ್ನು ನಡೆಯುವಾಗಲೇ ಮೈಕ್ರೋಸ್ಕೋಪಿನಲ್ಲಿ ನೋಡಲು ಸಾಧ್ಯವಾಯಿತು. ಆ ವಿಡಿಯೋ ಸಿಕ್ಕರೆ ಖಂಡಿತ ನೋಡಿ, ಹತ್ತು ಪುಟ ಓದುವುದಕ್ಕಿಂತ ಅದು ಮೇಲು.

ಗೋಡೆಯ ಕೋಶ ಗೋಡೆ ಬಿಡಲು ರನ್‌ಎಕ್ಸ್1 ಜೀನ್ ಬೇಕೇ ಬೇಕು. ಆದರೆ ಅದೊಂದೇ ಸಾಲದು. ಸೋಂಕು ಬಂದಾಗ ಏಳುವ ಉರಿಯೂತದ ಸಂಕೇತಗಳು, ಅಂದರೆ ಟಿಎನ್ಎಫ್, ಇಂಟರ್‌ಫೆರಾನ್ ಮುಂತಾದವು ಕೂಡ ಬೇಕು ಅಂತ 2014ರ ಹೊತ್ತಿಗೆ ಗೊತ್ತಾಯಿತು. ನನಗೆ ಇದು ವಿಚಿತ್ರ ಅನ್ನಿಸಿತ್ತು. ಭ್ರೂಣಕ್ಕೆ ಸೋಂಕೇ ಇಲ್ಲ. ವೈರಸ್ಸಿಲ್ಲ, ಬ್ಯಾಕ್ಟೀರಿಯಾ ಇಲ್ಲ. ಮತ್ತೆ ಈ ಎಚ್ಚರಿಕೆ ಕೊಟ್ಟವರು ಯಾರು?

2020ರಲ್ಲಿ ಜರ್ಮನಿಯ ಫ್ರೈಬುರ್ಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ ಜೀಬ್ರಾ ಮೀನಿನಲ್ಲಿ ಒಂದು ಉತ್ತರ ಕೊಟ್ಟಿತು. ಕೋಶ ತನ್ನ ರೂಪ ಬದಲಿಸುವ ಹೊತ್ತಿಗೆ ಮುಚ್ಚಿದ ಡಿಎನ್‌ಎ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಆಗ ಆ ಹಳೆ ತುಣುಕುಗಳ ಆರ್‌ಎನ್‌ಎ ಜಾಸ್ತಿಯಾಗುತ್ತದೆ. ವೈರಸ್ಸಿನ ಆರ್‌ಎನ್‌ಎ ಹಿಡಿಯಲೆಂದೇ ಕೋಶದೊಳಗೆ ರಿಗ್-ಐ, ಎಂಡಿಎ5 ಅನ್ನುವ ಕಾವಲು ಪ್ರೋಟೀನುಗಳಿವೆ. ಅವು ಇದನ್ನೂ ಹಿಡಿದು ಉರಿಯೂತದ ಸಂಕೇತ ಎಬ್ಬಿಸುತ್ತವೆ.

ನಮ್ಮೂರ ಕಡೆ ಹತ್ತು ವರ್ಷ ಗಲ್ಫಿನಲ್ಲಿದ್ದವರು ರಾತ್ರಿ ಹೇಳದೆ ಮನೆಗೆ ಬಂದರೆ ಏನಾಗುತ್ತದೆ ಹೇಳಿ. ಅವರು ಹೋದ ಮೇಲೆ ಸಾಕಿದ ನಾಯಿಗೆ ಅವರ ಗುರುತಿಲ್ಲ. ಕಳ್ಳ ಅಂತ ಬೊಗಳುತ್ತದೆ. ಲೈಟ್ ಹತ್ತುತ್ತದೆ, ಮಲಗಿದವರೆಲ್ಲ ಎದ್ದು ಜಗಲಿಗೆ ಬರುತ್ತಾರೆ. ಬಂದವರು ಮನೆಯವರೇ, ಆದರೂ ಮನೆ ಎದ್ದದ್ದು ನಿಜ. ಇಲ್ಲಿ ಕೋಶ ಗೋಡೆ ಬಿಟ್ಟು ಏಳಲು ಆ ಬೊಗಳುವಿಕೆ ನೆರವಾಗುತ್ತದೆ.

ರಿಗ್-ಐ ಅಥವಾ ಎಂಡಿಎ5 ತೆಗೆದರೆ ಮೀನಿನಲ್ಲಿ ರಕ್ತದ ಸ್ಟೆಮ್ ಸೆಲ್ ಕಡಿಮೆಯಾದವು. ಅದೇ ಕುಟುಂಬದ ಎಲ್‌ಜಿಪಿ2 ತೆಗೆದರೆ ಜಾಸ್ತಿಯಾದವು! ಅಂದರೆ ಅದು ಬ್ರೇಕ್. ಮೂರೂ ಒಂದೇ ಕೆಲಸ ಮಾಡುತ್ತವೆ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ. ಬ್ರೇಕ್ ಬೇಕಾಗುವುದು ಯಾಕೆಂದರೆ, ನಾಯಿ ದಿನವೂ ರಾತ್ರಿಯಿಡೀ ಬೊಗಳಿದರೆ ಮನೆಯವರು ಸೋತುಹೋಗುತ್ತಾರೆ. ಉರಿಯೂತ ಬಹಳ ಕಾಲ ಮುಂದುವರಿದರೆ ಸ್ಟೆಮ್ ಸೆಲ್ ಕೂಡ ಹಾಗೆಯೇ ಬಳಲುತ್ತದೆ.

ಹುಟ್ಟಿದ ಮೇಲೂ ಈ ಕತೆ ಮುಗಿಯುವುದಿಲ್ಲ. ಕೀಮೋ ಕೊಟ್ಟ ಇಲಿಗಳಲ್ಲಿ ರಕ್ತ ಮತ್ತೆ ಚಿಗುರುವಾಗಲೂ ಇದೇ ಎಂಡಿಎ5 ದಾರಿ ಕೆಲಸ ಮಾಡುತ್ತದೆ ಅಂತ 2021ರಲ್ಲಿ ತೋರಿಸಿದರು.

ನನ್ನನ್ನು ಹೆಚ್ಚು ಹಿಡಿದದ್ದು 2024ರ ಕೆಲಸ. ಅಕ್ಕ ಬಸುರಿಯಾಗಿದ್ದಾಗ ಕಬ್ಬಿಣದ ಮಾತ್ರೆ ತಪ್ಪಿಸಬೇಡ ಅಂತ ಮನೆಯಲ್ಲಿ ದಿನಾ ಹೇಳುತ್ತಿದ್ದೆವು. ಕಬ್ಬಿಣ ಸಾಮಗ್ರಿ, ಸರಿ. ಆದರೆ ಜಾಸ್ತಿ ರಕ್ತ ಮಾಡು ಅಂತ ಸ್ಟೆಮ್ ಸೆಲ್‌ಗೆ ಹೇಳುವುದು ಯಾರು? ಅಮೆರಿಕದ ತಂಡವೊಂದು ಕಂಡುಕೊಂಡ ಪ್ರಕಾರ, ಬಸುರಿ ಇಲಿಗಳಲ್ಲೂ ರಕ್ತ ಕಳೆದುಕೊಂಡ ಇಲಿಗಳಲ್ಲೂ ಸ್ಟೆಮ್ ಸೆಲ್ ಒಳಗಿನ ಎಲ್1 ಮತ್ತು ಬಹಳ ಹಿಂದೆ ಡಿಎನ್‌ಎಗೆ ಸೇರಿಕೊಂಡ ಹಳೆ ರೆಟ್ರೋವೈರಸ್ ತುಣುಕುಗಳು ಎದ್ದೇಳುತ್ತವೆ. ಇಂಟರ್‌ಫೆರಾನ್ ಸಂಕೇತ ಬರುತ್ತದೆ, ಸ್ಟೆಮ್ ಸೆಲ್ ಜಾಸ್ತಿ ವಿಭಜಿಸುತ್ತದೆ, ಕೆಂಪು ಕಣ ಹೆಚ್ಚುತ್ತದೆ. ಬಸುರಿ ಹೆಂಗಸರ ಸ್ಟೆಮ್ ಸೆಲ್‌ನಲ್ಲೂ ಈ ತುಣುಕುಗಳು ಎದ್ದದ್ದು ಕಂಡಿದೆ.

ಮೀನಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ, ಗಲಿಬಿಲಿ ಮಾಡಿಕೊಳ್ಳಬೇಡಿ. ಮೀನಿನ ಭ್ರೂಣದಲ್ಲಿ ಕಾವಲುಗಾರ ನೋಡಿದ್ದು ಆರ್‌ಎನ್‌ಎಯನ್ನು. ಇಲ್ಲಿ ಎಚ್ಚರಿಕೆ ಕೊಡುವುದು ಸಿ-ಗ್ಯಾಸ್ ಮತ್ತು ಸ್ಟಿಂಗ್ ಅನ್ನುವ ಬೇರೆ ಎರಡು ಪ್ರೋಟೀನುಗಳು. ಸಿ-ಗ್ಯಾಸ್ ಹಿಡಿಯುವುದು ಡಿಎನ್‌ಎಯನ್ನು. ಈ ತುಣುಕುಗಳ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಅನ್ನುವ ಕಿಣ್ವ. ಹಾಗಾಗಿ ಆ ಕಿಣ್ವ ತಡೆಯುವ ಔಷಧ ಕೊಟ್ಟಾಗ ಬಸುರಿ ಇಲಿಗಳಲ್ಲಿ ಕೆಂಪು ಕಣ ಇಳಿಯಿತು, ಬಸುರಿಯಲ್ಲದ ಇಲಿಗಳಿಗೆ ಹೆಚ್ಚೇನೂ ಆಗಲಿಲ್ಲ.

ಎಚ್‌ಐವಿಗೆ ಕೊಡುವ ಔಷಧಗಳಲ್ಲಿ ಈ ಗುಂಪಿನವೂ ಇವೆ. ಅವನ್ನು ತೆಗೆದುಕೊಳ್ಳುವ ಬಸುರಿಯರಲ್ಲಿ ರಕ್ತಹೀನತೆ ಜಾಸ್ತಿ ಕಂಡಿದೆ. ಮಾತ್ರೆ ನಿಲ್ಲಿಸಿ ಅಂತ ಇದರರ್ಥ ಖಂಡಿತ ಅಲ್ಲ, ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟದಂತೆ ಕಾಯುವುದು ಅದೇ ಮಾತ್ರೆ. ಹಿಮೋಗ್ಲೋಬಿನ್ ಮೇಲೆ ಇನ್ನಷ್ಟು ಕಣ್ಣಿಡಬೇಕು ಅಂತ ಮಾತ್ರ.