ಸೂಟು ತೊಟ್ಟ ಅಪ್ಪ ಹಗಲೆಲ್ಲ ಎಲ್ಲಿರುತ್ತಿದ್ದ?

ಅಮೆರಿಕದ 'ಲೀವ್ ಇಟ್ ಟು ಬೀವರ್' (1957–63) ಧಾರಾವಾಹಿಯ ಅಪ್ಪ ವಾರ್ಡ್ ಕ್ಲೀವರ್ ಬೆಳಿಗ್ಗೆ ಸೂಟು ತೊಟ್ಟು ಆಫೀಸಿಗೆ ಹೊರಡುತ್ತಾನೆ, ಸಂಜೆ ಮರಳುತ್ತಾನೆ. ನಡುವೆ ಅವನು ಮಾಡುವ ಕೆಲಸ ಏನೆಂಬುದು ಕೊನೆಯವರೆಗೂ ಮಸುಕು. 'ಆಜಿ ಅಂಡ್ ಹ್ಯಾರಿಯೆಟ್' 1952ರಿಂದ 1966ರವರೆಗೆ ನಡೆಯಿತು. ಅದರ ಅಪ್ಪನಿಗೋ, ಹೊರಡುವ ಅವಸರವೂ ಇಲ್ಲ.

ಇದಕ್ಕೆ ದೊಡ್ಡ ಕಾರಣ ಸೆಟ್ಟು. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತೈದು ನಿಮಿಷದ ಆಸುಪಾಸು. ಹಜಾರ, ಅಡುಗೆಮನೆ, ಮಕ್ಕಳ ಕೋಣೆ ಹೇಗೂ ಸಿದ್ಧವಿರುತ್ತವೆ. ಆಫೀಸು ತೋರಿಸಬೇಕೆಂದರೆ ಇನ್ನೊಂದು ಸೆಟ್ಟು, ಅದರ ಬೆಳಕು, ಸಹೋದ್ಯೋಗಿಗಳಾಗಿ ಹೊಸ ನಟರು. ಹಾಗಾಗಿ ಮನೆಯೊಳಗೇ ತರಬಹುದಾದ ಉದ್ಯೋಗಕ್ಕೆ ಬೇಡಿಕೆ. 'ದಿ ಬ್ರೇಡಿ ಬಂಚ್' (1969–74) ಅಪ್ಪ ವಾಸ್ತುಶಿಲ್ಪಿ. ನಕ್ಷೆಯ ಮೇಜು ಮನೆಯಲ್ಲೇ ಇದೆ, ಮಕ್ಕಳು ತಕರಾರು ಹೊತ್ತು ನೇರ ಅಲ್ಲಿಗೇ ಬರುತ್ತಾರೆ. 'ಬಿವಿಚ್ಡ್' (1964–72) ಗಂಡನದು ಜಾಹೀರಾತು ಕಂಪನಿ. ಗ್ರಾಹಕರನ್ನು ಊಟಕ್ಕೆ ಕರೆದರೆ ಸಾಕು, ಕೆಲಸದ ಇಕ್ಕಟ್ಟೆಲ್ಲ ಊಟದ ಮೇಜಿಗೇ ಬಂದು ಕೂರುತ್ತದೆ. ಬರಹಗಾರರಿಗೆ ಇದಕ್ಕಿಂತ ಅನುಕೂಲದ ವೃತ್ತಿ ಸಿಗುವುದು ಕಷ್ಟ.

ಧಾರಾವಾಹಿಗಳ ಅಪ್ಪಂದಿರ ಕೆಲಸ ತೆರೆಯ ಮೇಲೆ ಎಷ್ಟು ಕಾಣುತ್ತದೆಂದು ಸಂಶೋಧಕರು ಅಳೆಯುವಾಗ ಪಟ್ಟಿಯಲ್ಲಿ ಎರಡು ಕಾಲಂ ಬೇಕು: ಬಾಯಿಮಾತಿನಲ್ಲಿ ಹೇಳಿದ ಉದ್ಯೋಗ ಒಂದು, ತೆರೆಯ ಮೇಲೆ ಕೆಲಸ ಮಾಡಿದ ನಿಮಿಷ ಇನ್ನೊಂದು. ಒಂದೇ ಕಾಲಂ ಇಟ್ಟರೆ ಲೆಕ್ಕ ದಾರಿ ತಪ್ಪುತ್ತದೆ. 'ಆಫೀಸು ನೌಕರ' ಎಂದು ಬರೆದ ಮಾತ್ರಕ್ಕೆ ನೋಡುಗರು ಆಫೀಸು ಕಂಡಂತಲ್ಲ. ಒಂದೇ ಕಂತನ್ನು ಇಬ್ಬರು ಬೇರೆಬೇರೆಯಾಗಿ ನೋಡಿ ಗುರುತು ಹಾಕುತ್ತಾರೆ. ಇಬ್ಬರ ಉತ್ತರ ಎಷ್ಟು ತಾಳೆಯಾಯಿತೆಂಬುದನ್ನು, ಆಕಸ್ಮಿಕವಾಗಿ ಕೂಡಿಬರುವ ಪಾಲನ್ನು ಕಳೆದು, ಕಪ್ಪಾ ಎಂಬ ಅಂಕಿಯಲ್ಲಿ ಹೇಳುತ್ತಾರೆ. ತಾಳೆಯಾಗದಿದ್ದರೆ ತಪ್ಪು ಹೆಚ್ಚಾಗಿ ನೋಡಿದವರದಲ್ಲ, ಉದ್ಯೋಗಗಳನ್ನು ವಿಂಗಡಿಸಿದ ಗುಂಪುಗಳ ವಿವರಣೆಯದು.

ಮಕ್ಕಳ ಮೇಲಿನ ಪರಿಣಾಮವನ್ನು ಸಮಾಜಶಾಸ್ತ್ರಜ್ಞರಾದ ಮೆಲ್ವಿನ್ ಡಿಫ್ಲೂರ್ ಮತ್ತು ಲೋಯಿಸ್ ಡಿಫ್ಲೂರ್ 1967ರಲ್ಲಿ ಪರಿಶೀಲಿಸಿದರು. ಟಿವಿಯಲ್ಲಿ ಕಂಡ ಉದ್ಯೋಗಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಇತ್ತು, ಆದರೆ ಅದು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ತಿಳಿವಳಿಕೆ. ಸಾಮಾಜಿಕ ವರ್ಗದ ಕಡೆಗಿನ ಒಲವನ್ನು ಸಮಾಜಶಾಸ್ತ್ರಜ್ಞ ರಿಚರ್ಡ್ ಬುಚ್ ದಶಕಗಳ ಧಾರಾವಾಹಿಗಳಲ್ಲಿ ಗುರುತಿಸಿದರು: ಮಧ್ಯಮವರ್ಗದ ಅಪ್ಪ ಸಾಮಾನ್ಯವಾಗಿ ವಿವೇಕಿ, ಕಾರ್ಮಿಕ ಅಪ್ಪ ಪೆದ್ದ. 'ದಿ ಲೈಫ್ ಆಫ್ ರೈಲಿ'ಯಲ್ಲಿ ವಿಮಾನ ಕಾರ್ಖಾನೆಯ ರಿವೆಟ್ ಕೆಲಸಗಾರ ನಗೆಪಾಟಲಾಗುತ್ತಾನೆ. ವಿಮಾನದ ರೆಕ್ಕೆಗೆ ರಿವೆಟ್ ಕೂರಿಸುವುದು ಪೆದ್ದರ ಕೆಲಸವಲ್ಲ, ಈ ಅನ್ಯಾಯ ಸಣ್ಣದೂ ಅಲ್ಲ.

1988ರಲ್ಲಿ ಶುರುವಾದ 'ರೋಸಾನ್' ಇದನ್ನು ಮುರಿಯಿತು. ಅದರ ಅಪ್ಪ ಡ್ಯಾನ್ ಕಾನರ್ ಗೋಡೆಗೆ ಜಿಪ್ಸಮ್ ಹಲಗೆ ಕೂರಿಸುವ ಗುತ್ತಿಗೆದಾರ. ಮುಂದೆ ಮೋಟಾರ್‌ಸೈಕಲ್ ಅಂಗಡಿ ತೆರೆದು ಸೋಲುತ್ತಾನೆ. ಅವನ ದುಡಿಮೆ ಅಡುಗೆಮನೆಯ ಮೇಜಿಗೆ ಬರುವುದು ಕಟ್ಟಬೇಕಾದ ಬಿಲ್ಲುಗಳಾಗಿ.