ಸಣ್ಣ ಬಜೆಟ್ಟಿನ ಕ್ಲಿಕ್ ಜಾಹೀರಾತು: ಏಜೆನ್ಸಿಗೆ ಕೊಡುವ ಮುನ್ನ ಒಂದು ಲೆಕ್ಕ

ಗೂಗಲ್ ಜಾಹೀರಾತನ್ನು ನಾವೇ ನೋಡಿಕೊಳ್ಳೋಣವೋ, ಏಜೆನ್ಸಿಗೆ ಒಪ್ಪಿಸೋಣವೋ ಎಂದು ಕೇಳುವ ಸಣ್ಣ ವ್ಯಾಪಾರಸ್ಥರು ಸಾಮಾನ್ಯವಾಗಿ ಬಜೆಟ್ಟನ್ನು ಹಣದಲ್ಲೇ ಹೇಳುತ್ತಾರೆ. ಆ ಅಂಕಿಯೊಂದರಿಂದ ಏನೂ ತಿಳಿಯುವುದಿಲ್ಲ. ಒಂದು ವ್ಯಾಪಾರದಲ್ಲಿ ಸಾವಿರ ಕ್ಲಿಕ್ ತರುವ ಮೊತ್ತ ಇನ್ನೊಂದರಲ್ಲಿ ಮೂವತ್ತಕ್ಕೇ ಮುಗಿದುಹೋಗಬಹುದು. ಈ ಜಾಹೀರಾತಿನಲ್ಲಿ ಯಾರಾದರೂ ಕ್ಲಿಕ್ ಮಾಡಿದಾಗಲೆಲ್ಲ ಹಣ ಹೋಗುತ್ತದೆ, ಹಾಗಾಗಿ ಮೊದಲು ಬಜೆಟ್ಟನ್ನು ಕ್ಲಿಕ್ಕಿಗೆ ಬದಲಿಸಿಕೊಳ್ಳಿ. ಗೂಗಲ್ ಆಡ್ಸ್ ಖಾತೆಯೊಳಗಿನ ಕೀವರ್ಡ್ ಪ್ಲಾನರ್‌ಗೆ ನಿಮ್ಮ ಐದಾರು ಮುಖ್ಯ ಕೀವರ್ಡ್ (ಯಾವ ಪದ ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಪದ) ಕೊಟ್ಟರೆ, ಪುಟದ ಮೇಲ್ಭಾಗದಲ್ಲಿ ಜಾಹೀರಾತು ಬರಲು ಬೇಕಾಗುವ ಬಿಡ್ಡಿನ (ಒಂದು ಕ್ಲಿಕ್ಕಿಗೆ ಹರಾಜಿನಲ್ಲಿ ಕೂಗುವ ಬೆಲೆಯ) ಕನಿಷ್ಠ, ಗರಿಷ್ಠ ಅಂದಾಜು ಸಿಗುತ್ತದೆ. ಎರಡರ ನಡುವಿನ ಮೊತ್ತದಿಂದ ತಿಂಗಳ ಬಜೆಟ್ಟನ್ನು ಭಾಗಿಸಿ. ಏಜೆನ್ಸಿ ಕೇಳುವ ಫೀಸನ್ನೂ ಅದೇ ಮೊತ್ತದಿಂದ ಭಾಗಿಸಿ. ಈಗ ಎರಡೂ ಒಂದೇ ತಕ್ಕಡಿಗೆ ಬಂದವು.

ತಿಂಗಳಿಗೆ 400 ಕ್ಲಿಕ್ಕಿನಷ್ಟು ಹಣವಿದೆ ಎಂದುಕೊಳ್ಳಿ. ಕ್ಲಿಕ್ ಮಾಡಿದ ನೂರು ಜನರಲ್ಲಿ ಮೂವರು ಫೋನ್ ಮಾಡುತ್ತಾರೆ ಇಲ್ಲವೇ ಫಾರಂ ತುಂಬುತ್ತಾರೆ. ಅಲ್ಲಿಗೆ 12 ಎನ್‌ಕ್ವೈರಿ. ನಾಲ್ಕರಲ್ಲಿ ಒಂದು ಕುದುರಿದರೆ ತಿಂಗಳಿಗೆ 3 ಗಿರಾಕಿಗಳು. ಏಜೆನ್ಸಿಯ ಫೀಸು 150 ಕ್ಲಿಕ್ಕಿನ ಬೆಲೆಯಷ್ಟಿದ್ದು, ಅದೂ ಇದೇ ಬಜೆಟ್ಟಿನೊಳಗಿಂದ ಹೋಗಬೇಕಾದರೆ ಜಾಹೀರಾತಿಗೆ ಉಳಿಯುವುದು 250 ಕ್ಲಿಕ್. ಅಷ್ಟರಲ್ಲೇ ಮೊದಲಿನ 12 ಎನ್‌ಕ್ವೈರಿ ಬರಬೇಕೆಂದರೆ ನೂರಕ್ಕೆ 3 ಇದ್ದದ್ದು 4.8 ಆಗಬೇಕು. ಅಂದರೆ ಏಜೆನ್ಸಿ ಫಲಿತಾಂಶವನ್ನು ಶೇ. 60ರಷ್ಟು ಸುಧಾರಿಸಿದರೂ ನೀವು ಇದ್ದಲ್ಲೇ ಇರುತ್ತೀರಿ. ಲಾಭ ಶುರುವಾಗುವುದು ಅದರಾಚೆಗೆ.

4,000 ಕ್ಲಿಕ್ಕಿನ ಖಾತೆಯಲ್ಲಿ ಕತೆಯೇ ಬೇರೆ. ಅಲ್ಲಿ ಫೀಸು 400 ಕ್ಲಿಕ್ಕಿನಷ್ಟಾದರೂ 3,600 ಉಳಿಯುತ್ತದೆ. ಮೊದಲಿನ 120 ಎನ್‌ಕ್ವೈರಿ ಉಳಿಸಿಕೊಳ್ಳಲು ನೂರಕ್ಕೆ 3 ಇದ್ದದ್ದು 3.33 ಆದರೆ ಸಾಕು. ಅಷ್ಟನ್ನು ಕೆಲಸ ಬಲ್ಲ ಯಾರು ಬೇಕಾದರೂ ಮಾಡಿಯಾರು.

ಈ ವ್ಯತ್ಯಾಸ ಏಜೆನ್ಸಿಯವರ ದುರಾಸೆಯಿಂದ ಹುಟ್ಟಿದ್ದಲ್ಲ. ಜಾಹೀರಾತು ಖರ್ಚಿನ ಶೇ. 10ರಿಂದ 20ರವರೆಗೆ ಫೀಸು ತೆಗೆದುಕೊಳ್ಳುವುದು ಈ ವೃತ್ತಿಯಲ್ಲಿ ರೂಢಿ. ಅದರ ಜತೆಗೆ ಒಂದು ಕನಿಷ್ಠ ಫೀಸೂ ಇರುತ್ತದೆ. ಖಾತೆ ಸಣ್ಣದಿರಲಿ ದೊಡ್ಡದಿರಲಿ, ಟ್ರ್ಯಾಕಿಂಗ್ ಜೋಡಿಸಲು, ಜಾಹೀರಾತು ಬರೆಯಲು, ವರದಿ ಮಾಡಲು ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ. ಆ ಕನಿಷ್ಠ ಫೀಸೇ ಸಣ್ಣ ಖಾತೆಯಲ್ಲಿ ಮೂಗಿಗಿಂತ ಭಾರದ ಮೂಗುತಿಯಾಗುತ್ತದೆ. ಫೀಸು ಕಡಿಮೆ ಮಾಡಿ ಎಂದು ಚೌಕಾಸಿ ಮಾಡಿದರೆ ಅವರು ಒಪ್ಪಿಯಾರು, ಆದರೆ ಕಡಿಮೆಯಾಗುವುದು ನಿಮ್ಮ ಖಾತೆಗೆ ಅವರು ಕೊಡುವ ಹೊತ್ತು. ಹಾಗಾಗಿ ಫೀಸಿಗಿಂತ ಮೊದಲು ಕೇಳಬೇಕಾದ್ದು, ತಿಂಗಳಿಗೆ ಎಷ್ಟು ಗಂಟೆ ಮತ್ತು ಯಾರ ಕೈಯಿಂದ ಎಂದು.

ಹಾಗಾದರೆ ಏಜೆನ್ಸಿಯಿಂದ ಬರುವ ಲಾಭ ಎಲ್ಲಿಂದ ಬರುತ್ತದೆ? ಸಣ್ಣ ಖಾತೆಯಲ್ಲಿ ಅದರ ಬಹುಪಾಲು ಸೋರಿಕೆ ನಿಲ್ಲಿಸುವುದರಿಂದ. ವಾಷಿಂಗ್ ಮಷಿನ್ ರಿಪೇರಿ ಮಾಡುವವರೊಬ್ಬರ ಖಾತೆಯನ್ನು ಊಹಿಸಿಕೊಳ್ಳಿ. ಕೀವರ್ಡ್ ‘ವಾಷಿಂಗ್ ಮಷಿನ್ ರಿಪೇರಿ’, ಫ್ರೇಸ್ ಮ್ಯಾಚ್, ಅಂದರೆ ಆ ಅರ್ಥವನ್ನು ಒಳಗೊಂಡ ಹುಡುಕಾಟಗಳಿಗೆ ಜಾಹೀರಾತು ಕಾಣುವ ಬಗೆ. ಸರ್ಚ್ ಟರ್ಮ್ಸ್ ವರದಿ ತೆರೆದರೆ ಜನ ನಿಜವಾಗಿ ಹುಡುಕಿದ ಪದಗಳು ಸಾಲಾಗಿ ಕಾಣುತ್ತವೆ: ‘ವಾಷಿಂಗ್ ಮಷಿನ್ ರಿಪೇರಿ ಹತ್ತಿರದಲ್ಲಿ’, ‘ವಾಷಿಂಗ್ ಮಷಿನ್ ರಿಪೇರಿ ಕೋರ್ಸ್’, ‘ವಾಷಿಂಗ್ ಮಷಿನ್ ರಿಪೇರಿ ಮನೆಯಲ್ಲೇ ಮಾಡುವುದು ಹೇಗೆ’, ‘ವಾಷಿಂಗ್ ಮಷಿನ್ ರಿಪೇರಿ ಕೆಲಸ ಬೇಕಾಗಿದೆ’, ಕಂಪನಿಯ ಹೆಸರಿನ ಜತೆಗೆ ‘ಕಸ್ಟಮರ್ ಕೇರ್ ನಂಬರ್’. ದುಡ್ಡು ಕೊಡುವ ಗಿರಾಕಿ ಮೊದಲನೆಯವನು ಮಾತ್ರ. ಕೋರ್ಸ್ ಹುಡುಕುವವನು ಕಲಿಯಲು ಬಂದವನು, ‘ಹೇಗೆ’ ಎನ್ನುವವನ ಕೈಯಲ್ಲಿ ಆಗಲೇ ಸ್ಕ್ರೂಡ್ರೈವರ್ ಇದೆ. ಕಸ್ಟಮರ್ ಕೇರ್ ಕೇಳುವವನ ಮಷಿನ್‌ಗೆ ಬಹುಶಃ ಇನ್ನೂ ವಾರಂಟಿ ಇದೆ. ಆದರೆ ಎಲ್ಲರ ಕ್ಲಿಕ್ಕಿಗೂ ನಿಮ್ಮ ಹಣ ಹೋಗುತ್ತದೆ.

ಮೊದಲನೆಯದನ್ನು ಬಿಟ್ಟು ಉಳಿದ ಹುಡುಕಾಟಗಳ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದರೆ ಜಾಹೀರಾತು ಕಾಣಬಾರದ ಪದಗಳ ಪಟ್ಟಿಗೆ, ಸೇರಿಸಬೇಕು. ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಸಾಮಾನ್ಯ ಕೀವರ್ಡ್ ತನ್ನ ಅರ್ಥಕ್ಕೆ ಹತ್ತಿರದ ಪದಗಳನ್ನೂ ಎಳೆದು ತರುತ್ತದೆ, ನೆಗೆಟಿವ್ ಕೀವರ್ಡ್ ಹಾಗೆ ಮಾಡುವುದಿಲ್ಲ. ‘ಕೋರ್ಸ್’ ಎಂದು ನೆಗೆಟಿವ್ ಹಾಕಿದರೆ ‘ಕೋರ್ಸ್‌ಗಳು’, ‘ತರಬೇತಿ’, ‘ಟ್ರೈನಿಂಗ್’ ಒಳಗೆ ಬರುತ್ತಲೇ ಇರುತ್ತವೆ. ಏಕವಚನ, ಬಹುವಚನ, ಸಮಾನಾರ್ಥಕ, ಜನ ಬೇರೆ ಲಿಪಿಯಲ್ಲಿ ಟೈಪ್ ಮಾಡುವ ರೂಪ, ಎಲ್ಲವನ್ನೂ ಬೇರೆಬೇರೆಯಾಗಿ ಸೇರಿಸಬೇಕು. ಇನ್ನೊಂದು ಮಾತು: 2020ರಿಂದ ಈ ವರದಿ ಸಾಕಷ್ಟು ಜನ ಹುಡುಕಿದ ಪದಗಳನ್ನಷ್ಟೇ ತೋರಿಸುತ್ತದೆ. ಪಟ್ಟಿಯ ಕೊನೆಯಲ್ಲಿ ಹೆಸರಿಲ್ಲದ ಖರ್ಚೊಂದು ಉಳಿದಿರುತ್ತದೆ. ಸಣ್ಣ ಖಾತೆಯಲ್ಲಿ ಅದೇ ದೊಡ್ಡ ಪಾಲಾಗಬಹುದು. ದೂರದ ಸಂಬಂಧದ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್ ಬಿಟ್ಟು ಫ್ರೇಸ್ ಮ್ಯಾಚ್, ಅದೇ ಅರ್ಥದ ಹುಡುಕಾಟಕ್ಕಷ್ಟೇ ತೋರಿಸುವ ಎಕ್ಸಾಕ್ಟ್ ಮ್ಯಾಚ್‌ಗಳಲ್ಲೇ ಇರಿ ಎನ್ನುವುದು ಇದಕ್ಕಾಗಿ.

ಈ ಸೋರಿಕೆಯನ್ನೂ ಲೆಕ್ಕಕ್ಕೆ ತನ್ನಿ. 400ರಲ್ಲಿ 100 ಕ್ಲಿಕ್ ಇಂಥವರದ್ದೇ ಆಗಿದ್ದರೆ, 12 ಎನ್‌ಕ್ವೈರಿ ಬಂದದ್ದು ಉಳಿದ 300ರಿಂದ. ಪೂರ್ತಿ 400 ಸರಿಯಾದವರಿಗೇ ಹೋದರೆ 16 ಆಗುತ್ತದೆ. ತಿಂಗಳಿಗೆ 4 ಹೆಚ್ಚಿಗೆ, ಅಂದರೆ 100 ಕ್ಲಿಕ್ಕಿನ ಉಳಿತಾಯ. ಇದಕ್ಕೆ ತಿಂಗಳು ತಿಂಗಳೂ 150 ಕ್ಲಿಕ್ಕಿನ ಫೀಸು ಕೊಟ್ಟರೆ ನಷ್ಟ. ಅದೇ ಕೆಲಸವನ್ನು ಒಮ್ಮೆ, 300 ಕ್ಲಿಕ್ಕಿನ ಬೆಲೆಗೆ ಮಾಡಿಸಿಕೊಂಡರೆ ಮೂರು ತಿಂಗಳಿಗೆ ಹಾಕಿದ್ದು ಹಿಂದಿರುಗುತ್ತದೆ. ಸಣ್ಣ ಖಾತೆಯ ಸುಧಾರಣೆಯಲ್ಲಿ ಹೆಚ್ಚಿನದು ಒಂದು ಸಲದ ಕೆಲಸ, ಏಜೆನ್ಸಿಯ ಬಿಲ್ಲು ಮಾತ್ರ ಪ್ರತಿ ತಿಂಗಳದ್ದು. ಹೊರಗೆ ಕೊಡುವುದೋ ಬೇಡವೋ ಎನ್ನುವುದಕ್ಕಿಂತ ಯಾವ ಕೆಲಸವನ್ನು ಒಂದೇ ಸಲಕ್ಕೆ ಕೊಡಬೇಕು ಎಂದು ಕೇಳಿಕೊಳ್ಳುವುದು ಮೇಲು.

ಒಂದು ಸಲಕ್ಕೆ ಕೊಡಬೇಕಾದ ಕೆಲಸಗಳಲ್ಲಿ ಮೊದಲನೆಯದು ಕನ್ವರ್ಷನ್ ಟ್ರ್ಯಾಕಿಂಗ್, ಅಂದರೆ ಕ್ಲಿಕ್ ಮಾಡಿದವರಲ್ಲಿ ಎಷ್ಟು ಜನ ಫೋನ್ ಮಾಡಿದರು, ಫಾರಂ ತುಂಬಿದರು ಎಂಬ ಎಣಿಕೆ. ಇದನ್ನು ಮಾತ್ರ ದುಡ್ಡು ಉಳಿಸಲು ನೀವೇ ಮಾಡಲು ಹೋಗಬೇಡಿ, ವೆಬ್‌ಸೈಟಿನ ಕೋಡ್ ಗೊತ್ತಿದ್ದರೆ ಬೇರೆ ಮಾತು. ತಪ್ಪುಗಳು ಹೀಗಿರುತ್ತವೆ: ಫಾರಂ ಕಳಿಸಿದ ಮೇಲೆ ಬರುವ ಧನ್ಯವಾದದ ಪುಟಕ್ಕೆ ಹಾಕಬೇಕಾದ ಟ್ಯಾಗನ್ನು (ಎಣಿಕೆ ಮಾಡುವ ಕೋಡಿನ ತುಣುಕನ್ನು) ಫಾರಂ ಇರುವ ಪುಟಕ್ಕೇ ಹಾಕಿರುತ್ತಾರೆ, ಬಂದವರೆಲ್ಲ ಎನ್‌ಕ್ವೈರಿ ಎಂದು ಎಣಿಕೆಯಾಗುತ್ತಾರೆ. ವೆಬ್‌ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನಿಂದ ಒಮ್ಮೆ, ಗೂಗಲ್ ಆಡ್ಸ್ ಟ್ಯಾಗಿನಿಂದ ಇನ್ನೊಮ್ಮೆ, ಒಂದೇ ಫಾರಂ ಎರಡಾಗುತ್ತದೆ. ಎನ್‌ಕ್ವೈರಿಗೆ ಎಣಿಕೆಯನ್ನು ‘ಒನ್’ ಎಂದು ಇಡಬೇಕು, ಆನ್‌ಲೈನ್ ಮಾರಾಟಕ್ಕೆ ‘ಎವ್ರಿ’ ಎಂದು. ಇದು ತಿರುಗಾಮುರುಗಾ ಆದರೆ ಒಬ್ಬನೇ ಮನುಷ್ಯ ಮೂರು ಸಲ ಫಾರಂ ಒತ್ತಿದ್ದು ಮೂರು ಗಿರಾಕಿಯಾಗಿ ಕಾಣುತ್ತದೆ. ಎಣಿಕೆ ತಪ್ಪಿದ್ದರೆ ಆಟೊಮ್ಯಾಟಿಕ್ ಬಿಡ್ಡಿಂಗ್ ಆ ತಪ್ಪನ್ನೇ ಹಿಂಬಾಲಿಸುತ್ತದೆ. ಕೆಲಸ ಮುಗಿಸಿದವರ ಎದುರಿಗೇ ನಿಮ್ಮ ಜಾಹೀರಾತಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಒಂದು ಫಾರಂ ಕಳಿಸಿ, ಒಂದು ಕರೆ ಮಾಡಿ. ಮರುದಿನ ಖಾತೆಯಲ್ಲಿ ಎರಡೇ ಕಾಣಬೇಕು.

ಎರಡನೆಯದು ಸೆಟ್ಟಿಂಗ್ಸ್. ಹೊಸ ಸರ್ಚ್ ಕ್ಯಾಂಪೇನ್ ಮಾಡುವಾಗ ತಾನಾಗಿ ಬರುವ ಆಯ್ಕೆಗಳು ಸಣ್ಣ ಬಜೆಟ್ಟಿಗೆ ಹೊಂದುವುದಿಲ್ಲ. ಜಾಗದ ಆಯ್ಕೆಯಲ್ಲಿ ‘ಆ ಊರಿನಲ್ಲಿರುವವರು ಅಥವಾ ಅದರ ಬಗ್ಗೆ ಆಸಕ್ತಿ ತೋರಿದವರು’ ಎಂದಿರುತ್ತದೆ. ಅದನ್ನು ‘ಪ್ರೆಸೆನ್ಸ್’ ಮಾತ್ರಕ್ಕೆ ಬದಲಿಸದಿದ್ದರೆ ಎಲ್ಲೋ ದೂರ ಕುಳಿತವರು ನಿಮ್ಮ ಹಣ ಕರಗಿಸುತ್ತಾರೆ. ಡಿಸ್‌ಪ್ಲೇ ನೆಟ್‌ವರ್ಕ್ (ಬೇರೆ ಸೈಟು, ಆ್ಯಪುಗಳಲ್ಲಿನ ಜಾಹೀರಾತು ಜಾಗ), ಸರ್ಚ್ ಪಾರ್ಟ್‌ನರ್ಸ್ (ಗೂಗಲ್ ಹುಡುಕಾಟ ಬಳಸುವ ಬೇರೆ ಸೈಟುಗಳು) ಎರಡಕ್ಕೂ ಹಾಕಿರುವ ಟಿಕ್ ತೆಗೆಯಬೇಕು. ಶಿಫಾರಸುಗಳನ್ನು ತಾನಾಗಿ ಜಾರಿಗೆ ತರುವ ಆಟೊ ಅಪ್ಲೈ ಆಯ್ಕೆ ಆಫ್ ಆಗಿದೆಯೇ ನೋಡಬೇಕು. ಗೂಗಲ್ ಖಾತೆಗೆ ಕೊಡುವ ಆಪ್ಟಿಮೈಸೇಶನ್ ಸ್ಕೋರ್ ನೂರಕ್ಕೆ ನೂರು ಇದೆ ಎಂದು ಯಾರಾದರೂ ಬೀಗಿದರೆ ನಕ್ಕು ಸುಮ್ಮನಿರಿ. ಗೂಗಲ್ಲಿನ ಸಲಹೆಗಳನ್ನು ಎಷ್ಟು ಒಪ್ಪಿದ್ದೀರಿ ಅಥವಾ ತಳ್ಳಿಹಾಕಿದ್ದೀರಿ ಎಂಬುದರ ಮೇಲೆ ಅದು ಏರುತ್ತದೆ, ನಿಮ್ಮ ಗಲ್ಲಾಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.

ದಿನದ ಬಜೆಟ್ ಬಗ್ಗೆಯೂ ಗೊತ್ತಿರಲಿ. ಒಂದು ದಿನ ಎರಡು ಪಟ್ಟು ಖರ್ಚಾದರೆ ಗಾಬರಿ ಬೇಡ. ಗೂಗಲ್ ಹಾಗೆ ಮಾಡುತ್ತದೆ, ಆದರೆ ತಿಂಗಳ ಮೊತ್ತ ದಿನದ ಬಜೆಟ್ಟಿನ 30.4 ಪಟ್ಟನ್ನು ದಾಟುವುದಿಲ್ಲ.

ಇನ್ನು ಏಜೆನ್ಸಿಗಳು ಹೇಳುವ ‘ನಿರಂತರ ಟೆಸ್ಟಿಂಗ್’. ದೊಡ್ಡ ಖಾತೆಯಲ್ಲಿ ಇದು ನಿಜವಾದ ಕೆಲಸ. ಸಣ್ಣದರಲ್ಲಿ ಟೆಸ್ಟ್ ಮಾಡಲು ಬೇಕಾದಷ್ಟು ಅಂಕಿಯೇ ಇರುವುದಿಲ್ಲ. ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂದೊಂದಿದೆ. ಒಂದು ಕೀವರ್ಡ್‌ಗೆ 100 ಕ್ಲಿಕ್ ಬಂದು ಒಂದೂ ಎನ್‌ಕ್ವೈರಿ ಬಾರದಿದ್ದರೆ, ಅದರ ನಿಜವಾದ ದರ 3 ಭಾಗಿಸು 100, ಅಂದರೆ ಶೇ. 3ರವರೆಗೂ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಶೇ. 3 ಎಂದರೆ ನಿಮ್ಮ ಖಾತೆಯ ಸರಾಸರಿಯೇ! ಅಂಥ ಕೀವರ್ಡನ್ನು 30 ಕ್ಲಿಕ್ಕಿಗೇ ಕೆಲಸಕ್ಕೆ ಬಾರದ್ದೆಂದು ತೆಗೆದುಹಾಕುವುದು ನಾಣ್ಯ ಚಿಮ್ಮಿ ತೀರ್ಮಾನ ಮಾಡಿದ ಹಾಗೆ. ಎರಡು ಜಾಹೀರಾತುಗಳಲ್ಲಿ ಒಂದಕ್ಕೆ 7, ಇನ್ನೊಂದಕ್ಕೆ 5 ಎನ್‌ಕ್ವೈರಿ ಬಂದಿದ್ದರೆ ಅದರಿಂದ ಯಾವ ಪಾಠವೂ ಇಲ್ಲ. ಹಾಗಾಗಿ 400 ಕ್ಲಿಕ್ಕಿನ ಖಾತೆಗೆ ಒಂದೇ ಕ್ಯಾಂಪೇನ್, ಒಂದೋ ಎರಡೋ ಆಡ್ ಗ್ರೂಪ್ (ಕ್ಯಾಂಪೇನಿನೊಳಗೆ ಕೀವರ್ಡ್, ಜಾಹೀರಾತುಗಳ ಗುಂಪು), ಐದರಿಂದ ಹತ್ತು ಕೀವರ್ಡ್ ಸಾಕು. ಬಜೆಟ್ಟನ್ನು ಆರು ಕ್ಯಾಂಪೇನ್‌ಗೆ ಹಂಚಿದರೆ ಒಂದರಲ್ಲೂ ಏನೂ ಗೊತ್ತಾಗುವುದಿಲ್ಲ. ಒಂದು ಕನ್ವರ್ಷನ್‌ಗೆ (ಎನ್‌ಕ್ವೈರಿಗೆ) ಇಷ್ಟು ಖರ್ಚು ಎಂದು ಗುರಿ ಕೊಟ್ಟು ಬಿಡ್ಡನ್ನು ಗೂಗಲ್‌ಗೇ ಬಿಡುವ ಟಾರ್ಗೆಟ್ ಸಿಪಿಎ ಬಿಡ್ಡಿಂಗನ್ನು ತಿಂಗಳಿಗೆ 30ರ ಆಸುಪಾಸು ಕನ್ವರ್ಷನ್ ಬರುವ ತನಕ ಮುಟ್ಟದಿರುವುದು ಒಳ್ಳೆಯದು. ಅಲ್ಲಿಯವರೆಗೆ ಬಜೆಟ್ಟಿನೊಳಗೆ ಆದಷ್ಟು ಹೆಚ್ಚು ಕ್ಲಿಕ್ ತರುವ ಮ್ಯಾಕ್ಸಿಮೈಜ್ ಕ್ಲಿಕ್ಸ್ ಇಟ್ಟು, ಒಂದು ಕ್ಲಿಕ್ಕಿಗೆ ಗರಿಷ್ಠ ಇಷ್ಟೇ ಎಂದು ಮಿತಿ ಹಾಕಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ಅಂಕಿಗಳ ಈ ಹಸಿವು ಇನ್ನೂ ಹೆಚ್ಚು: ಒಂದು ಆಡ್ ಸೆಟ್ (ಅಲ್ಲಿನ ಜಾಹೀರಾತು ಗುಂಪು) ಲರ್ನಿಂಗ್ ಹಂತ, ಅಂದರೆ ಯಾರಿಗೆ ತೋರಿಸಬೇಕೆಂದು ಕಲಿಯುವ ಹಂತ, ದಾಟಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು.

ಮೊದಲ ಜೋಡಣೆ ಸರಿಯಿದ್ದರೆ ನಡೆಸಿಕೊಂಡು ಹೋಗಲು ವಾರಕ್ಕೆ ಅರ್ಧ ಗಂಟೆ ಸಾಕು. ಸರ್ಚ್ ಟರ್ಮ್ಸ್ ನೋಡಿ ನೆಗೆಟಿವ್ ಸೇರಿಸುವುದು, ಖರ್ಚು ನೋಡುವುದು, ಮೊಬೈಲಿನಿಂದ ನಿಮ್ಮ ಪುಟ ತೆರೆದು ಫಾರಂ ಕೆಲಸ ಮಾಡುತ್ತಿದೆಯೇ ಪರೀಕ್ಷಿಸುವುದು. ಈ ಪರೀಕ್ಷೆಗೆ ಪುಟದ ವಿಳಾಸವನ್ನೇ ಟೈಪ್ ಮಾಡಿ, ಪ್ರತಿ ವಾರ ಜಾಹೀರಾತಿನ ಮೇಲೆ ಕ್ಲಿಕ್ ಮಾಡಿದರೆ ದುಡ್ಡು ನಿಮ್ಮದೇ. ಬಂದ ಕರೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅದರಲ್ಲಿ ಎಷ್ಟು ವ್ಯಾಪಾರವಾಯಿತು ಎಂದು ಗೂಗಲ್‌ಗೂ ಗೊತ್ತಿಲ್ಲ, ಏಜೆನ್ಸಿಗೂ ಗೊತ್ತಿಲ್ಲ. ಅಂದಹಾಗೆ, ಎತ್ತದೆ ಬಿಟ್ಟ ಕರೆಯನ್ನು ಯಾವ ಏಜೆನ್ಸಿಯೂ ಸರಿಮಾಡಲಾರದು. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಜಾಹೀರಾತು ಓಡದಂತೆ ಆಡ್ ಶೆಡ್ಯೂಲ್ ಹಾಕಿಕೊಂಡರೆ ಎಷ್ಟೋ ಕ್ಲಿಕ್ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ತಿಳಿದವರೊಬ್ಬರಿಗೆ ಗಂಟೆ ಲೆಕ್ಕದಲ್ಲಿ ಹಣ ಕೊಟ್ಟು ಖಾತೆ ತಪಾಸಣೆ ಮಾಡಿಸಿ.

ಪೂರ್ತಿ ಹೊರಗೆ ಕೊಡುವುದೇ ಸರಿ ಎನ್ನುವ ಸಂದರ್ಭಗಳೂ ಇವೆ. ಒಬ್ಬ ಗಿರಾಕಿಯಿಂದ ಬರುವ ಲಾಭ ಹಲವು ತಿಂಗಳ ಫೀಸನ್ನು ತೀರಿಸುವಂಥ ವೃತ್ತಿಗಳಲ್ಲಿ ಕ್ಲಿಕ್ ಸಂಖ್ಯೆ ಸಣ್ಣದಿದ್ದರೂ ಲೆಕ್ಕ ಕೂಡುತ್ತದೆ. ನೂರಾರು ಸರಕಿರುವ ಆನ್‌ಲೈನ್ ಅಂಗಡಿಗೆ ಶಾಪಿಂಗ್ ಫೀಡಿನ (ಗೂಗಲ್‌ಗೆ ಕಳಿಸುವ ಸರಕುಪಟ್ಟಿಯ) ತಕರಾರುಗಳೇ ವಾರವಿಡೀ ಕೆಲಸ ಕೊಡುತ್ತವೆ. ವಾರಕ್ಕೆ ಅರ್ಧ ಗಂಟೆಯೂ ನಿಮ್ಮಿಂದ ಆಗದು ಎನ್ನುವುದು ಮಾತ್ರ ಹೊರಗೆ ಕೊಡಲು ಕಾರಣವಲ್ಲ. ಅಷ್ಟೂ ಹೊತ್ತಿಲ್ಲದವರು ಏಜೆನ್ಸಿಯ ವರದಿಯನ್ನೂ ಓದುವುದಿಲ್ಲ. ಅಂಥವರು ಸದ್ಯಕ್ಕೆ ಜಾಹೀರಾತನ್ನೇ ನಿಲ್ಲಿಸುವುದು ಅಗ್ಗ.

ಕೊಡುವುದೇ ಎಂದಾದರೆ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲಿ ಇರಬೇಕು. ಏಜೆನ್ಸಿ ಹಲವು ಗಿರಾಕಿಗಳ ಖಾತೆಗಳನ್ನು ಒಂದೆಡೆಯಿಂದ ನೋಡಿಕೊಳ್ಳುವ ತನ್ನ ಮ್ಯಾನೇಜರ್ ಖಾತೆಯಿಂದ ಅದಕ್ಕೆ ಜೋಡಿಸಿಕೊಳ್ಳಲಿ, ಅಡ್ಮಿನ್ ಅಧಿಕಾರ ನಿಮ್ಮಲ್ಲೇ ಇರಲಿ. ಫೀಸು, ಜಾಹೀರಾತು ಖರ್ಚು ಸೇರಿಸಿ ಒಂದೇ ಪ್ಯಾಕೇಜ್ ಎನ್ನುವವರಿಂದ ದೂರವಿರಿ. ಅದರಲ್ಲಿ ಗೂಗಲ್‌ಗೆ ಎಷ್ಟು ಹೋಯಿತು ಎಂದು ತಿಳಿಯುವ ದಾರಿಯೇ ಇಲ್ಲ. ನಿರ್ವಹಣಾ ಫೀಸು ಬೇರೆ ಇದ್ದರೆ ಗಿರಾಕಿಗೆ ತಿಳಿಸಬೇಕು, ಖರ್ಚು, ಕ್ಲಿಕ್, ಇಂಪ್ರೆಶನ್ (ಜಾಹೀರಾತು ಎಷ್ಟು ಸಲ ಕಂಡಿತು) ಅಂಕಿಗಳನ್ನು ಕೊಡಬೇಕು ಎಂದು ಗೂಗಲ್‌ನ ನಿಯಮವೇ ಹೇಳುತ್ತದೆ. ಮೊದಲ ಸ್ಥಾನ ಗ್ಯಾರಂಟಿ ಎನ್ನುವವರೂ ಬೇಡ. ಪ್ರತಿ ಹುಡುಕಾಟಕ್ಕೂ ಹೊಸ ಹರಾಜು ನಡೆಯುವಾಗ ಯಾವ ಸ್ಥಾನವನ್ನೂ ಯಾರೂ ಮೊದಲೇ ಮಾರಲಾರರು.

ವರದಿ ಬಂದಾಗ ಒಂದು ಸಾಲನ್ನು ಬೇರೆಯಾಗಿ ಕೇಳಿ: ನಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಬಂದವರನ್ನು ಬಿಟ್ಟರೆ ಎಷ್ಟು ಎನ್‌ಕ್ವೈರಿ? ಹೆಸರು ಗೊತ್ತಿದ್ದು ಹುಡುಕುವವರು ಬಹುಪಾಲು ಹೇಗೂ ಬರುವವರೇ. ಅವರನ್ನು ಸೇರಿಸಿದರೆ ಎಂಥ ಕೆಲಸವೂ ಚೆಂದ ಕಾಣುತ್ತದೆ. ಚೇಂಜ್ ಹಿಸ್ಟರಿ ತೆರೆದರೆ ಯಾರು ಯಾವಾಗ ಏನು ಬದಲಿಸಿದರು ಎಂಬುದೆಲ್ಲ ದಾಖಲಾಗಿರುತ್ತದೆ. ಒಂದು ತಿಂಗಳು ಬಿಡ್ ಮುಟ್ಟಿಲ್ಲ ಎಂದು ಜಗಳ ತೆಗೆಯಬೇಡಿ, ಸಣ್ಣ ಖಾತೆಯಲ್ಲಿ ಕೈ ಕಟ್ಟಿ ಕೂರುವುದೂ ಕೆಲಸವೇ. ಆದರೆ ಎರಡು ತಿಂಗಳಲ್ಲಿ ಒಂದೂ ನೆಗೆಟಿವ್ ಕೀವರ್ಡ್ ಸೇರಿಲ್ಲದಿದ್ದರೆ ಸರ್ಚ್ ಟರ್ಮ್ಸ್ ವರದಿಯನ್ನು ಯಾರೂ ತೆರೆದಿಲ್ಲ ಎಂದೇ ತಿಳಿಯಬಹುದು.

ಕರಾರಿನಲ್ಲಿ 30 ದಿನದ ನೋಟಿಸಿಗೆ ಬಿಡಬಹುದು ಎಂಬ ಸಾಲಿರಲಿ. ಲ್ಯಾಂಡಿಂಗ್ ಪೇಜ್ (ಕ್ಲಿಕ್ ಮಾಡಿದವರು ಬಂದಿಳಿಯುವ ಪುಟ) ಏಜೆನ್ಸಿಯ ಡೊಮೈನ್‌ನಲ್ಲಿದ್ದರೆ, ಜಾಹೀರಾತಿನಲ್ಲಿ ಕಾಣುವ ಫೋನ್ ನಂಬರ್ ಅವರದ್ದೇ ಟ್ರ್ಯಾಕಿಂಗ್ ನಂಬರ್ ಆಗಿದ್ದರೆ, ಬಿಟ್ಟ ಮರುದಿನವೇ ಎರಡೂ ನಿಮ್ಮ ಕೈತಪ್ಪುತ್ತವೆ. ಆದ್ದರಿಂದ ಅವು ಯಾರ ಸ್ವತ್ತು ಎಂದು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ. ಬಿಡುವ ದಿನ ಮೊದಲು ನೆಗೆಟಿವ್ ಕೀವರ್ಡ್ ಪಟ್ಟಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ, ಟ್ಯಾಗ್‌ಗಳನ್ನು ನಿಭಾಯಿಸುವ ಟ್ಯಾಗ್ ಮ್ಯಾನೇಜರ್, ಅನಲಿಟಿಕ್ಸ್ ಎರಡರಲ್ಲೂ ನಿಮಗೆ ಅಡ್ಮಿನ್ ಅಧಿಕಾರ ಇದೆಯೇ ನೋಡಿಕೊಳ್ಳಿ, ಆಮೇಲೆ ಅವರ ಮ್ಯಾನೇಜರ್ ಖಾತೆಯ ಕೊಂಡಿ ಕಳಚಿ.